ಎರಡು ಲಿಪಿಯ ಬಾವಿಗಳು

ಆ ಪರೀಕ್ಷಕರ ನಗು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಚಿಕ್ಕೋಡಿಯ ಕಾಲೇಜೊಂದರಲ್ಲಿ ನಾನು ಪೈಥಾನ್ ಕಲಿಸುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಬ್ಬರು ಹುಡುಗಿಯರು ತಮ್ಮ ಊರಿನ ಬಾವಿಗಳ ನೀರು ಅಳೆದು ತಂದಿದ್ದರು. ಒಬ್ಬಳು ಜುಗೂಳದವಳು, ಕನ್ನಡ ಶಾಲೆಯಲ್ಲಿ ಓದಿದವಳು. ಇನ್ನೊಬ್ಬಳು ನಿಪ್ಪಾಣಿ ಕಡೆಯ ಹಳ್ಳಿಯವಳು, ಓದಿದ್ದು ಮರಾಠಿ ಶಾಲೆಯಲ್ಲಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದಷ್ಟು ಉದ್ದವನ್ನು ಟೇಪು ಹಿಡಿದು ಅಳೆದಿದ್ದರು. ಅದನ್ನು ಒಬ್ಬಳು ಕನ್ನಡ ಅಂಕಿಗಳಲ್ಲಿ, ಇನ್ನೊಬ್ಬಳು ಮರಾಠಿ ಅಂಕಿಗಳಲ್ಲಿ ಟೈಪು ಮಾಡಿದ್ದಳು.

ಹಾಗೆ ಮಾಡಬಹುದೆಂದು ತರಗತಿಯಲ್ಲಿ ಹೇಳಿದವಳು ನಾನೇ. ಫೈಲಿನಿಂದ ಓದಿದ ಅಂಕಿ ಪೈಥಾನಿಗೆ ಮೊದಲು ಬರೀ ಅಕ್ಷರ. ಕೂಡಿಸು ಎಂದರೆ ೪ರ ಪಕ್ಕ ೫ ಅಂಟಿಸಿ ೪೫ ಎನ್ನುತ್ತದೆ. ಪಟ್ಟಿಯ ಒಂದೊಂದನ್ನೂ ಫ್ಲೋಟ್ ಎಂಬ ಆಜ್ಞೆಗೆ ಕೊಟ್ಟಾಗಲೇ ಅದು ಸಂಖ್ಯೆಯಾಗುವುದು. ಆ ಫ್ಲೋಟ್ ಕನ್ನಡದ ೪ನ್ನೂ ಮರಾಠಿಯ ४ನ್ನೂ ಇಂಗ್ಲಿಷಿನ 4ರಷ್ಟೇ ಸಲೀಸಾಗಿ ಓದುತ್ತದೆ. ಇದನ್ನು ಹೇಳಿದ ದಿನ ಇಬ್ಬರೂ ನಂಬದೆ, ಎದ್ದು ಬಂದು ನನ್ನ ಕಂಪ್ಯೂಟರಿನಲ್ಲೇ ಟೈಪು ಮಾಡಿ ನೋಡಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಎದುರೇ, ಬಾವಿಗಳ ನೀರಿನ ಸರಾಸರಿ ತೆಗೆಯುವ ಅವರ ಪ್ರೋಗ್ರಾಂ ನಿಂತುಬಿಟ್ಟಿತು. ಪರದೆಯ ತುಂಬ ಕೆಂಪು ಎರರ್.

"ಇನ್ನೇನಾಗ್ತೈತಿ ಮತ್ತ? ಕನ್ನಡ ಅಂಕಿ ಹಾಕಿದ್ರ ಕಂಪ್ಯೂಟರಿಗೆ ಹೆಂಗ ತಿಳೀತೈತಿ? ಮ್ಯಾಲ ಮರಾಠಿ ಬ್ಯಾರೆ!" ಎಂದು ಅವರು ನಕ್ಕರು.

"ತಿಳೀತೈತ್ರಿ ಸರ್. ನಿನ್ನಿ ಸರಿ ಓಡಿತ್ರಿ," ಎಂದಳು ಜುಗೂಳದವಳು.

"ನನಗ ಕಲಸಾಕ ಬರಬ್ಯಾಡ."

ನಾನು ಹೋಗಿ ಬಗ್ಗಿ ನೋಡಿದೆ. ಓದಲಾಗದ ಪದ ಯಾವುದೆಂದು ಎರರಿನ ಕೊನೆಯಲ್ಲಿ ಪೈಥಾನೇ ಹೇಳಿತ್ತು: 'ಒಣಗೈತಿ'. ಆ ಬೆಳಿಗ್ಗೆ ಕಡೆಯ ಬಾವಿಯೊಂದನ್ನು ಸೇರಿಸುವಾಗ, ಅದರಲ್ಲಿ ನೀರಿಲ್ಲವೆಂದು ಜುಗೂಳದ ಹುಡುಗಿ ಅಂಕಿಯ ಜಾಗದಲ್ಲಿ ಪದ ಬರೆದಿದ್ದಳು. ತಪ್ಪು ಅವಳದೇ, ಸರಿ. ಆದರೆ ಅಂಕಿಗಳದ್ದಲ್ಲ.

"ಇದೊಂದು ಶಬ್ದ ತಗದು ಮತ್ತ ಓಡಸ್ತಾಳ್ರಿ ಸರ್. ಒಂದ ನಿಮಿಷ ನೋಡ್ರಿ," ಎಂದೆ.

"ಟೈಮ್ ಇಲ್ರಿ ಮೇಡಂ," ಎನ್ನುತ್ತಲೇ ಅವರು ಅಂಕ ಬರೆದು ಮುಂದಿನ ಮೇಜಿಗೆ ಹೋದರು.

ಹುಡುಗಿ ಪದ ಅಳಿಸಿ ಓಡಿಸಿದಳು. ಎರಡೂ ಊರಿನ ಸರಾಸರಿ ಬಂತು. "ಬಂತ್ರಿ ಸರ್!" ಎಂದು ನಿಪ್ಪಾಣಿಯವಳು ಕೂಗಿದಳು. ಆ ಮಹಾಶಯರು ಕತ್ತು ಕೂಡ ತಿರುಗಿಸಲಿಲ್ಲ.

ಪ್ರಿನ್ಸಿಪಾಲರ ಬಳಿ ಹೋದೆ. "ಮುಂದಿನ ವರ್ಷ ಇಂಗ್ಲಿಷ್ ಅಂಕೀನ ಹಾಕಸ್ರಿ. ಸುಮ್ನ ಜಗಳ ಯಾಕ?" ಎಂದರು.

"ಜಗಳ ಅಂಕೀದಲ್ರಿ ಸರ್. ಎರರ್ ಓದದನ ಮಾರ್ಕ್ಸ್ ಹಾಕ್ಯಾರಲ್ಲ, ಅದರದು."

ಅವರು ಫೋನು ಎತ್ತಿಕೊಂಡರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಪ್ಪಾಣಿಯವಳು ನನ್ನ ಬಳಿ ಬಂದಳು. ಕಣ್ಣು ಕೆಂಪಾಗಿದ್ದವು. "ಮೇಡಂ, ನಾ ಮರಾಠಿ ಅಂಕಿ ಹಾಕಿದ್ದಕ್ಕ ಆಕೀ ಮಾರ್ಕ್ಸೂ ಹೋದವೇನ್ರಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಪರೀಕ್ಷಕರು ನಕ್ಕು ಹೋಗಿದ್ದರು. ಅಪರಾಧ ಈ ಹುಡುಗಿಯ ತಲೆಗೆ ಬಂದಿತ್ತು.

"ನಿಂದೇನೂ ತಪ್ಪಿಲ್ಲವ್ವಾ," ಎಂದೆ. ನನ್ನ ಬಸ್ಸು ಬಂದರೂ ಹತ್ತಲಿಲ್ಲ. ಕಾಲೇಜಿಗೆ ಮರಳಿ, ಮರುಮೌಲ್ಯಮಾಪನ ಕೇಳಿ ವಿಶ್ವವಿದ್ಯಾಲಯಕ್ಕೆ ಬರೆದೆ. ಫಲಿತಾಂಶ ಬಂತು. ಇಬ್ಬರೂ ಚೆನ್ನಾಗಿ ಪಾಸಾದರು, ಆ ಒಂದು ವಿಷಯದಲ್ಲಿ ಮಾತ್ರ ಅಂಚಿನಲ್ಲಿ. ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಮೊನ್ನೆ ಇನ್ನೊಂದು ಬರೆದಿದ್ದೇನೆ.