ಮುಚ್ಚಿಟ್ಟ ನಕ್ಷೆಯಲ್ಲಿ ಅಕ್ಕ ನಡೆದ ದಾರಿ

ಕರೆಂಟ್ ಹೋದ ತಕ್ಷಣ ಕಂಪ್ಯೂಟರಿನ ಯುಪಿಎಸ್ ಕೂಗಿಕೊಳ್ಳುತ್ತಿತ್ತಲ್ಲ, ಕೀಂ... ಕೀಂ... ಎಂದು? ಆ ಸದ್ದು ಈಗ ಎಷ್ಟು ಮನೆಗಳಲ್ಲಿ ಕೇಳಿಸುತ್ತದೋ ತಿಳಿಯದು. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಬನ್ನಿಮಂಟಪದ ನಮ್ಮ ಮನೆಯಲ್ಲಿ ಸಂಜೆಯಾದರೆ ಅದೇ ಸಂಗೀತ. ಇವತ್ತಿಗೂ ಎಲ್ಲಾದರೂ ಅಂಥ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಬೆಂಕಿಪೊಟ್ಟಣ ಹುಡುಕುತ್ತದೆ, ಕಿವಿ ನಮ್ಮಕ್ಕನ ದನಿಗೆ ಕಾಯುತ್ತದೆ.

ಫ್ರ್ಯಾಂಕ್ ಆಗಿ ಹೇಳಿಬಿಡುತ್ತೇನೆ, ಈಗ ಹೇಳಲಿರುವಂಥ ವಿಷಯಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಮ್ಮ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದು ಬಂದರೆ "ವಾಟ್ ನಾನ್ಸೆನ್ಸ್" ಎಂದು ಮೂಗು ಮುರಿಯುತ್ತಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಾಗ ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ಪೊಲೈಟಾಗಿ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ನಾನು ಮದುವೆಯಾಗಲಿಲ್ಲ. ರಿಟೈರ್ ಆದಮೇಲೆ ಮನೆಯಲ್ಲಿ ನಾನು, ವಿಧವೆಯಾಗಿದ್ದ ನಮ್ಮಕ್ಕ ಸರೋಜ, ಅವಳ ಮೊಮ್ಮಗಳು ಮೇಧಾ, ಮೂವರೇ. ಮೇಧಾಳ ಅಪ್ಪನಿಗೆ ಊರಿಂದೂರಿಗೆ ವರ್ಗವಾಗುವ ಕೆಲಸ, ಹಾಗಾಗಿ ಹುಡುಗಿ ಚಿಕ್ಕಂದಿನಿಂದ ನಮ್ಮಲ್ಲೇ ಬೆಳೆದಳು. ನಮ್ಮಪ್ಪನಿಗೆ ಕಾನ್ವೆಂಟಿನ ಹುಚ್ಚು ಹತ್ತುವ ಹೊತ್ತಿಗೆ ಅಕ್ಕನ ಓದು ಮುಗಿದೇ ಹೋಗಿತ್ತು. ಆದರೆ ಕಥೆ ಹೇಳಲು ಕೂತಳೆಂದರೆ ನನ್ನ ಎಂ.ಎ. ಡಿಗ್ರಿ ಅವಳ ಮುಂದೆ ಏನೂ ಅಲ್ಲ. ಮೇಧಾಳಿಗೆ ಊಟ ಮಾಡಿಸುವಾಗ ಕಥೆಯನ್ನು ಒಂದು ಇಕ್ಕಟ್ಟಿನ ಜಾಗಕ್ಕೆ ತಂದು ನಿಲ್ಲಿಸಿ, ತುತ್ತು ಹಿಡಿದು ಕೇಳುತ್ತಿದ್ದಳು: "ಹೇಳು ಮಗಳೇ, ಈಗ ನೀನೇನ್ ಮಾಡ್ತೀಯ?" ಮಗು ಏನು ಹೇಳಿತೋ ಕಥೆ ಆ ಕಡೆಗೆ ತಿರುಗುತ್ತಿತ್ತು. ಹುಲಿಯ ಜೊತೆ ಜಗಳ ಆಡ್ತೀನಿ ಅಂದರೆ ಜಗಳ, ಅದಕ್ಕೆ ಅನ್ನ ಹಾಕ್ತೀನಿ ಅಂದರೆ ಅನ್ನ.

ಮೇಧಾ ಇಂಜಿನಿಯರಿಂಗ್ ಸೇರಿದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಮಾತು: "ಬಂದೆ, ಬಂದೆ." ಅಡುಗೆಮನೆಯಲ್ಲಿದ್ದಾಗ ಯಾರು ಕೂಗಿದರೂ ಜೀವಮಾನವಿಡೀ ಹೇಳುತ್ತಿದ್ದ ಮಾತು ಅದು. ಕಾಫಿ ಬೇಕಾದರೂ ಬಂದೆ ಬಂದೆ, ನೋವಾದರೂ ಬಂದೆ ಬಂದೆ. ಇನ್ನು ಹೆಚ್ಚು ಇಂಪ್ರೂವ್‌ಮೆಂಟ್ ನಿರೀಕ್ಷಿಸಬೇಡಿ ಎಂದರು ಡಾಕ್ಟರು. ನಾನು ಒಪ್ಪಿಕೊಂಡೆ. ಮೇಧಾ ಒಪ್ಪಲಿಲ್ಲ. ಅಜ್ಜಿ ಒಂದೇ ಒಂದು ಸಲ ತನ್ನ ಜೊತೆ ಮಾತಾಡಬೇಕು ಎಂಬುದೊಂದೇ ಅವಳ ಹಟ.

ಆ ದಿನಗಳಲ್ಲೇ ನಮ್ಮ ಡೈನಿಂಗ್ ಟೇಬಲ್ಲಿಗೆ ಆ ಆಟ ಬಂದದ್ದು. ಯಾವುದೋ ಫಾರಿನ್ ಪುಸ್ತಕದ ಝೆರಾಕ್ಸ್ ಪ್ರತಿ ಮೇಧಾಳ ಕೈಗೆ ಸಿಕ್ಕಿತ್ತು. ಒಬ್ಬರು ಕಥೆ ನಡೆಸುವವರು, ಉಳಿದವರು ಕಥೆಯೊಳಗಿನ ಯೋಧ, ಕಳ್ಳ, ಮಂತ್ರಗಾರ ಆಗುವವರು. ಕಥೆ ನಡೆಸುವವರು ಇಕ್ಕಟ್ಟಿಗೆ ತಂದು ನಿಲ್ಲಿಸಿ "ಈಗ ನೀವೇನ್ ಮಾಡ್ತೀರ?" ಎಂದು ಕೇಳಬೇಕು. ಅದನ್ನು ಓದಿದ ದಿನ ಮೇಧಾ ಅಡುಗೆಮನೆಗೆ ಓಡಿಬಂದು, "ಚಿಕ್ಕಜ್ಜೀ, ಇದು ನಮ್ಮಜ್ಜಿ ಆಟ ಕಣೇ!" ಅಂದಳು.

ಆಡಲು ಭಾನುವಾರಗಳಂದು ಇಬ್ಬರು ಬರುತ್ತಿದ್ದರು, ಇಬ್ಬರೂ ಅವಳ ಕ್ಲಾಸ್‌ಮೇಟ್ಸ್. ರಾಜೀವನಗರದ ಇಮ್ರಾನ್, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಗ್ರಹಾರದ ಗುರು, ಅವರಪ್ಪನದು ವಿಭೂತಿ, ಕರ್ಪೂರದ ಅಂಗಡಿ. ಮಾತು, ಹಸಿವು ಎರಡೂ ಜಾಸ್ತಿ. ಮೇಜಿನ ತಲೆಯ ಕಡೆ ಆ ಕಾಲದ ದೊಡ್ಡ ಹೊಟ್ಟೆಯ ಮಾನಿಟರ್, ಪಕ್ಕದಲ್ಲಿ ಎರಡು ಸ್ಪೀಕರ್. ಕಥೆ ನಡೆಸುವವರು ಕಥೆಯೊಳಗಿನ ಕೋಟೆಯ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಅದರ ಮೇಲೆ ಪೂರ್ತಿ ಕಪ್ಪು ಬಳಿದಿರುತ್ತಿದ್ದರು. ಆಡುವವರು ಮುಂದೆ ಹೋದ ಹಾಗೆ ಅಷ್ಟಷ್ಟೇ ಕಪ್ಪನ್ನು ಅಳಿಸಿ ಒಳಗಿನ ಕೋಣೆ ತೋರಿಸುವುದು. ಒಂದೊಂದು ಜಾಗಕ್ಕೆ ಒಂದೊಂದು ಸದ್ದು: ಗಾಳಿ, ಬಾಗಿಲ ಕಿರ್ರು, ಬಾವಿಯ ರಾಟೆ. ಆಟಕ್ಕೆ ಬೇಕಾದ ಬಹುಮುಖದ ದಾಳ ಇಡೀ ಮೈಸೂರಿನಲ್ಲಿ ಸಿಗಲಿಲ್ಲ. ಅಕ್ಕನ ಚೌಕಾಬಾರದ ಕವಡೆಗಳೇ ದಾಳವಾದವು. ಕವಡೆ ಹಾಕುವ ಕೆಲಸವನ್ನು ಮೇಧಾ ಅಕ್ಕನಿಗೇ ಕೊಟ್ಟಿದ್ದಳು. ಅಕ್ಕ ಎಡಗೈಯಲ್ಲಿ ಕವಡೆ ಚೆಲ್ಲಿ "ಬಂದೆ ಬಂದೆ" ಎಂದರೆ, "ಅಜ್ಜಿ ಬರ್ತಾರಂತೆ ಕಣ್ರೋ, ದಾರಿ ಬುಡ್ರೋ" ಎನ್ನುತ್ತಿದ್ದ ಗುರು. ಅಕ್ಕನ ಮುಖದ ಒಂದೇ ಪಕ್ಕ ನಗುತ್ತಿತ್ತು. ಮೇಧಾ ಮಾತ್ರ ಪ್ರತಿ ಸಲ ಪ್ರಶ್ನೆ ಕೇಳಿ, ಓರೆಗಣ್ಣಲ್ಲಿ ಅಜ್ಜಿಯನ್ನು ನೋಡಿ, ಒಂದು ಕ್ಷಣ ಕಾಯುತ್ತಿದ್ದಳು.

ಒಂದು ಭಾನುವಾರ ಕಥೆ ನಡೆಸುವ ಸರದಿಯನ್ನು ಇಮ್ರಾನ್ ತೆಗೆದುಕೊಂಡಿದ್ದ. ಯಾವಾಗಲೂ ಕಥೆ ನಡೆಸುತ್ತಿದ್ದ ಮೇಧಾಳಿಗೂ ಒಂದು ಸಲ ಆಡುವ ಆಸೆ. ಅವನು ಬೆಳಿಗ್ಗೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಯಾರೋ ವಿದೇಶಿಯರು ಬರೆದ ಪಾಳುಕೋಟೆಯ ನಕ್ಷೆಯೊಂದನ್ನು ಇಳಿಸಿಕೊಂಡು, ಮನೆಯಲ್ಲಿ ಕಪ್ಪು ಬಳಿದು, ಸದ್ದುಗಳನ್ನು ಹೊಂದಿಸಿ ಸಿ.ಡಿ.ಯಲ್ಲಿ ತಂದಿದ್ದ. ಒಳಗೇನಿದೆ ಎಂದು ಅವನೊಬ್ಬನಿಗೇ ಗೊತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೆಬ್ಬಾಗಿಲು ಕಂಡಿತು, ಅಂಗಳ ಕಂಡಿತು, ಅಂಗಳದ ಬಲಕ್ಕೆ ಬಾವಿ ಕಂಡಿತು. ಉಳಿದದ್ದೆಲ್ಲ ಕಪ್ಪು. ಗುರು ಬಾವಿಗೆ ಇಳಿಯಲೇಬೇಕು ಎಂದು ಕೂತ. "ನಿಧಿ ಬಾವೀಲಲ್ದೆ ಇನ್ನೆಲ್ಲಿರುತ್ತೋ? ಸತ್ರೆ ಸಾಯ್ತೀನಿ ಬುಡು, ಆಂಟಿ ಉಪ್ಪಿಟ್ಟು ತಿಂದೇ ಸಾಯ್ತೀನಿ."

ದೀಪ ಹಚ್ಚುವ ಹೊತ್ತು. ಸರಿಯಾಗಿ ಆಗಲೇ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿಗೆ ವಯಸ್ಸಾಗಿತ್ತು. ನಾಲ್ಕಾರು ಸಲ ಕೂಗಿ ಅದೂ ಸತ್ತಿತು.

"ಲೇ, ಸೇವ್ ಮಾಡಿದ್ಯೇನೋ?" ಎಂದು ಗುರು ಇಮ್ರಾನನನ್ನು ಕೇಳಿದ.

"ಎಲ್ಲಿ ಮಾಡ್ಲಿ? ಅಳಿಸಿದ್ದೆಲ್ಲ ಹೋಯ್ತು, ಮತ್ತೆ ಪೂರ್ತಿ ಕಪ್ಪು."

ನಾನು ಅಡುಗೆಮನೆಗೆ ಹೋಗಿ ಮೇಣದಬತ್ತಿ ಹಚ್ಚಿಕೊಂಡು ತಿರುಗಿದೆ. ಆಗ ಕೇಳಿಸಿತು.

"ಬಾವಿ ಹತ್ರ ಹೋಗ್ಬೇಡ ಕಣೋ ಗುರು. ಕಟ್ಟೆ ಸಡಿಲ ಆಗಿದೆ."

ನಾನು ಬಾಗಿಲಲ್ಲೇ ನಿಂತೆ. ಅಕ್ಕನ ದನಿ. ಸ್ವಲ್ಪ ಒರಟಾಗಿತ್ತು, ಬಹಳ ದಿನ ತೆರೆಯದ ಬೀರುವಿನ ಬಾಗಿಲಿನ ಹಾಗೆ, ಆದರೆ ಅವಳದೇ.

"ಮೇಧಾ, ಹೇಳು ಮಗಳೇ, ಈಗ ನೀನೇನ್ ಮಾಡ್ತೀಯ?"

ಮೇಧಾ ಅಳುತ್ತಿದ್ದಳು ಅಂತ ಕಾಣುತ್ತೆ. "ಎಡಕ್ಕೆ ತಿರುಗ್ತೀನಿ ಅಜ್ಜಿ," ಅಂದಳು.

"ತಿರುಗು. ಗೋಡೆ ಹಿಡ್ಕೊ. ಮೆಟ್ಲಿದೆ, ಇಳಿ. ನಡುವೆ ಒಂದು ಮುರಿದಿದೆ, ದಾಟ್ಕೊಂಡು ಇಳಿ. ನೀರು ತೊಟ್ಟಿಕ್ತಿದೆ, ಕೇಳಿಸ್ತಾ?"

ಕೇಳಿಸಿತು. ಟಪ್, ಟಪ್ ಎಂದು, ಆಳದಿಂದ ಬಂದಂತೆ. ಸ್ಪೀಕರುಗಳ ಕೆಂಪು ದೀಪ ಆರಿತ್ತು. ನಾನು ಹೇಳಿಕೇಳಿ ರ್ಯಾಷನಲ್ ಹೆಂಗಸು. ನೇರ ಹೋಗಿ ಅಡುಗೆಮನೆಯ ನಲ್ಲಿ ನೋಡಿದೆ, ಬಚ್ಚಲು ನೋಡಿದೆ. ನೀರು ಬರುತ್ತಿದ್ದದ್ದು ಬೆಳಗಿನ ಹೊತ್ತು ಮಾತ್ರ, ಎರಡೂ ಒಣಗಿದ್ದವು. ವಾಪಸ್ ಬರುವಷ್ಟರಲ್ಲಿ ಅಕ್ಕ ಮಕ್ಕಳನ್ನು ಒಂದು ಕಂಬದ ಸಾಲಿನಲ್ಲಿ ನಡೆಸುತ್ತಿದ್ದಳು. ಒಂದು ಕಂಬ ಉರುಳಿ ಅಡ್ಡ ಬಿದ್ದಿದೆ ಎಂದಳು. ಅದರಾಚೆ ಚಿಕ್ಕ ಬಾಗಿಲು, ಒಳಗೆ ದೀಪ ಉರೀತಿದೆ ಎಂದಳು.

"ಆ ಕೋಣೆಗೆ ನೀವು ಹೋಗ್ಬೇಡಿ. ಇಲ್ಲಿಂದ ಹಿಂದಕ್ಕೆ ಹೋಗಿ ಮಕ್ಕಳೇ, ಉಪ್ಪಿಟ್ಟು ಆರ್ಹೋಗುತ್ತೆ."

ಗುರು ಮೆಲ್ಲಗೆ, "ಒಳಗ್ಯಾರಿದ್ದಾರೆ ಅಜ್ಜಿ?" ಎಂದ.

ಅಕ್ಕ ನಕ್ಕಳು. "ದೀಪ ಹಚ್ಚಿಟ್ಟಿದೆ ಅಂದ್ಮೇಲೆ ಯಾರೋ ಬರೋರಿದ್ದಾರೆ ಅಂತ ತಾನೆ?"

ಫ್ಯಾನು ತಿರುಗಿತು, ಟ್ಯೂಬ್‌ಲೈಟು ಕಣ್ಣು ಮಿಟುಕಿಸಿ ಹತ್ತಿಕೊಂಡಿತು. ಮೇಧಾ ಅಜ್ಜಿಯ ಎರಡೂ ಕೈ ಹಿಡಿದು ಕೂತಿದ್ದಳು. "ಅಜ್ಜಿ? ಇನ್ನೂ ಹೇಳಜ್ಜಿ."

"ಬಂದೆ, ಬಂದೆ," ಎಂದಳು ಅಕ್ಕ. ಅಷ್ಟೇ.

ನಾವು ಅಕ್ಕನ ಸುತ್ತ ನಿಂತಿದ್ದರೆ ಇಮ್ರಾನ್ ಮಾತ್ರ ಕಂಪ್ಯೂಟರ್ ಮುಂದೆ ಕೂತು ನಕ್ಷೆ ತೆಗೆದ. ಪೂರ್ತಿ ಕಪ್ಪು. ಅಂಗಳದಿಂದ ಎಡಕ್ಕೆ ಅಳಿಸುತ್ತ ಹೋದ. ಮೆಟ್ಟಿಲು ಬಂದವು. ನಡುವಿನ ಒಂದು ಮುರಿದಿತ್ತು. ಕಂಬದ ಸಾಲು ಬಂತು. ಒಂದು ಅಡ್ಡ ಬಿದ್ದಿತ್ತು. ಆಮೇಲೆ ಮೆಟ್ಟಿಲಿಗೆಂದು ಇಟ್ಟುಕೊಂಡಿದ್ದ ಸದ್ದನ್ನು ಒತ್ತಿದ: ಟಪ್, ಟಪ್, ಟಪ್. ಗುರು ಅವತ್ತು ಒಂದೂ ಜೋಕ್ ಮಾಡಲಿಲ್ಲ.

ಚಿಕ್ಕ ಬಾಗಿಲು ಮಾತ್ರ ಇರಲಿಲ್ಲ. ಬಿದ್ದ ಕಂಬದಾಚೆ ಗೋಡೆ, ಅಲ್ಲಿಗೆ ನಕ್ಷೆಯೇ ಮುಗಿದಿತ್ತು. ಇಮ್ರಾನ್ ಆ ಮೂಲೆಯನ್ನು ಅಳಿಸಿ ಅಳಿಸಿ ನೋಡಿದ, ಬರೀ ಬಿಳಿ ಬಂತು. "ಅಲ್ಲಾನಾಣೆ ಆಂಟಿ, ನಾನ್ ಯಾರಿಗೂ ಬಾಯ್ ಬಿಟ್ಟಿಲ್ಲ," ಎಂದು ನನ್ನ ಕಡೆ ತಿರುಗಿದ. ಆ ಹುಡುಗ ಸುಳ್ಳು ಹೇಳುವವನಲ್ಲ.

ಮಾತಿನ ಬಗ್ಗೆ ಡಾಕ್ಟರನ್ನು ಕೇಳಿದೆ. ಒಮ್ಮೊಮ್ಮೆ ಎಮೋಷನ್ ಉಕ್ಕಿದಾಗ ಕಳೆದುಹೋದ ಮಾತು ಹೊರಗೆ ಬರುವುದುಂಟು ಎಂದರು. ಸರಿ, ಒಪ್ಪಿದೆ. ಕೋಟೆ ಎಂದಮೇಲೆ ಮೆಟ್ಟಿಲು, ಕಂಬ ಇದ್ದೇ ಇರುತ್ತವೆ, ಊಹಿಸಬಹುದು ಎಂದುಕೊಂಡೆ. ಆದರೆ ಮುರಿದ ಮೆಟ್ಟಿಲು? ಆ ನೀರಿನ ಸದ್ದು? ನಾಲ್ಕು ಜನರ ಕಿವಿ ಒಟ್ಟಿಗೆ ಸುಳ್ಳು ಹೇಳುತ್ತದೆಯೇ? ನಾನು ಹೀಗೆ ತಲೆ ಕೆಡಿಸಿಕೊಳ್ಳುತ್ತಿದ್ದರೆ ಮೇಧಾ ಅಂದಳು, "ಹೇಗೆ ಅನ್ನೋದು ನಿಂಗೆ ಬೇಕು ಚಿಕ್ಕಜ್ಜಿ. ನನ್ನ ಹೆಸರು ಹಿಡಿದು ಕರೆದಳಲ್ಲ, ನಂಗೆ ಅಷ್ಟು ಸಾಕು." ಸಾಕು ಎಂದವಳೇ ಮುಂದಿನ ಭಾನುವಾರಗಳಲ್ಲಿ ಬೇಕೆಂದೇ ದೀಪ ಆರಿಸಿ ಕೂತಳು, ಅದೇ ನಕ್ಷೆ ಹಾಕಿದಳು, ಅದೇ ಸದ್ದು ಹಾಕಿದಳು. ಅಕ್ಕ ಕವಡೆ ಚೆಲ್ಲಿದಳು, ನಕ್ಕಳು, ಬೇರೆ ಮಾತು ಆಡಲಿಲ್ಲ. ಕ್ರಮೇಣ ಮೇಧಾಳೂ ದೀಪ ಆರಿಸುವುದನ್ನು ಬಿಟ್ಟಳು. ಆಟ ಮಾತ್ರ ನಡೆಯಿತು.

ಅಕ್ಕನನ್ನು ನಾನು ಕೊನೆಯ ಸಲ ಜೀವಂತವಾಗಿ ನೋಡಿದ್ದು ದಸರೆ ಕಳೆದಮೇಲೆ ಒಂದು ಬೆಳಿಗ್ಗೆ. ಮೇಧಾ ಕಾಲೇಜಿಗೆ ಹೋಗಿದ್ದಳು, ಕೆಲಸದ ನಾಗಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟಿದ್ದೆ. ಅಕ್ಕ ಡೈನಿಂಗ್ ಟೇಬಲ್ಲಿನ ಮುಂದೆ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಆರಿಸಿಟ್ಟ ಮಾನಿಟರಿನ ಕಪ್ಪು ಗಾಜಿನ ಮೇಲೆ ಅವಳ ಎಡಗೈ ಬೆರಳು ಮೆಲ್ಲಗೆ ಚಲಿಸುತ್ತಿತ್ತು, ಧೂಳಿನಲ್ಲಿ ಗೆರೆ ಬೀಳುತ್ತಿತ್ತು. ಬೆರಳು ಎಡಕ್ಕೆ ತಿರುಗಿತು. ತಡೆದು ತಡೆದು ಕೆಳಕ್ಕೆ ಇಳಿಯಿತು, ನಡುವೆ ಒಂದು ಕಡೆ ಸ್ವಲ್ಪ ಮೇಲೆದ್ದು ದಾಟಿತು. ಗಾಜಿನ ಅಂಚಿಗೆ, ಅವತ್ತು ನಕ್ಷೆ ಮುಗಿದ ಕಡೆಗೆ, ಹೋಗಿ ನಿಂತಿತು.

"ಅಕ್ಕಾ, ಹೋಗ್ಬಿಟ್ಟು ಬೇಗ ಬಂದ್ಬಿಡ್ತೀನಿ," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಗಾಜನ್ನೇ ನೋಡುತ್ತ, ಒಳಮನೆಯಿಂದ ಯಾರೋ ಕೂಗಿದರೆ ಹೇಳುವ ಹಾಗೆ, "ಬಂದೆ, ಬಂದೆ," ಎಂದಳು. ನನಗೇ ಹೇಳಿದಳೆಂದುಕೊಂಡು ನಾನು ಗೇಟು ಹಾಕಿಕೊಂಡು ಹೋದೆ.