ದುಚಿಲ್ ಬಚ್ಚಿಟ್ಟ ಸಿಪ್ಪೆ

ಗ್ವಾಕ್ ದುಚಿಲ್ ಮೂಗನ್ನು ಎಷ್ಟು ಮೇಲೆತ್ತಿಕೊಂಡು ನಡೆಯುತ್ತಿದ್ದನೆಂದರೆ, ಮಳೆ ಬಂದರೆ ಸಾಂಗ್ಜು ಸೀಮೆಗೆಲ್ಲ ಮೊದಲು ಅವನಿಗೇ ನೆಗಡಿಯಾಗುತ್ತಿತ್ತು. ಈ ಜಂಬಕ್ಕೆ ಆಧಾರ ಮಾಂಸಕ್ಕೆಂದು ಸಾಕಿದ ಒಂದು ಕೆಂದು ಹೋರಿ. ಅದು ಚೀಲದ ಜೋಳವನ್ನಲ್ಲದೆ ಬೇರೇನನ್ನೂ ಮೂಸುವುದಿಲ್ಲವೆಂದು ತಾನೇ ಸಾರಿಕೊಂಡು ತಿರುಗುತ್ತಿದ್ದ.

ಚಳಿಗೆ ಮುಂಚೆ ಆ ಊರಲ್ಲಿ ಮನೆಮನೆಯಲ್ಲೂ ಒಗರು ಪರ್ಸಿಮನ್ ಹಣ್ಣು ಹೆರೆದು ಸೂರಿಗೆ ತೂಗುಹಾಕಿ ಒಣಗಿಸುತ್ತಾರೆ. ಸಿಪ್ಪೆ ಗುಡ್ಡೆ ಬೀಳುತ್ತದೆ. ದುಚಿಲ್‌ನ ಅತ್ತಿಗೆ ಮಲ್ಸುನ್ ಅದನ್ನು ಅಂಗಳದ ಚಾಪೆಯ ಮೇಲೆ ಒಗರು ಹೋಗುವವರೆಗೆ ಒಣಗಿಸಿ, ತೌಡು, ಹುಲ್ಲಿನ ಜೊತೆ ಹಂಡೆಯಲ್ಲಿ ಬೇಯಿಸಿ ತನ್ನ ಹೋರಿಗೆ ಹಾಕುತ್ತಿದ್ದಳು.

"ಏನತ್ತಿಗೆ, ದನಕ್ಕೆ ಕಸ ಬಡಿಸ್ತಿದ್ದೀರಾ? ನಾಳೆ ಪೊರಕೇನೂ ಬೇಯ್ಸಿಬಿಡಿ!"

"ನಿನ್ನ ನಾಲಿಗೆ ಬೇಯ್ಸೋಣ ಅಂತಿದ್ದೆ ಮೈದುನಪ್ಪ. ಹಂಡೆ ಸಾಲಲ್ಲ."

ಹೋದ ವರ್ಷ ಜಿಲ್ಲೆಯ ದನದ ಸ್ಪರ್ಧೆಯಲ್ಲಿ ಆ ಕಸ ತಿಂದ ಹೋರಿಯೇ ಗೆದ್ದಿತು. ಈ ವರ್ಷವೂ ಸೋತರೆ ದುಚಿಲ್ ತಲೆ ತಗ್ಗಿಸಿ ನಡೆಯಬೇಕು. ಅಭ್ಯಾಸವಿಲ್ಲದ ಪ್ರಾಣಿ, ಎಡವಿ ಸತ್ತೇ ಹೋದಾನು.

ಸರಿ, ತನ್ನ ಹೋರಿಗೂ ಸಿಪ್ಪೆಯೇ ಆಗಲಿ ಎಂದುಕೊಂಡ. ಆದರೆ ಅಂಗಳದಲ್ಲಿ ಒಣಹಾಕಿದರೆ ಊರೆಲ್ಲ ನೋಡುತ್ತದಲ್ಲ! ಹಾಗಾಗಿ ಕದ್ದುಮುಚ್ಚಿ ಹಸಿ ಸಿಪ್ಪೆಯನ್ನೇ ಹೊತ್ತು ತಂದು, ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಜೋಳದಲ್ಲಿ ಕಲಸಿ ಬುಟ್ಟಿಗಟ್ಟಲೆ ಸುರಿದ.

ಹಸಿ ಒಗರು ಹೊಟ್ಟೆಯಲ್ಲಿ ಗಾರೆಯಂತೆ ಕಚ್ಚಿಕೊಂಡಿತು. ಹೋರಿ ಸಗಣಿ ಹಾಕುವುದನ್ನೇ ಮರೆಯಿತು. ಹೊಟ್ಟೆ ಊದಿದ ಪರಿಗೆ ಕೊಟ್ಟಿಗೆಯ ಕಂಬಗಳು ಸರಿದು ಜಾಗ ಬಿಟ್ಟವು. ಸ್ಪರ್ಧೆಯ ಹಿಂದಿನ ದಿನ ಅದು ಮಲಗಿದ್ದು ಏಳಲೇ ಇಲ್ಲ. ದನದ ಡಾಕ್ಟರನ್ನು ಕರೆದರೆ ಏನು ತಿನ್ನಿಸಿದೆ ಎಂದು ಕೇಳುತ್ತಾನೆ. ಹೋರಿ ಸತ್ತರೂ ಸರಿ, ಮಾನ ಉಳಿಯಲಿ ಎಂದು ಈ ಮಹಾಶಯ ಮಧ್ಯಾಹ್ನದವರೆಗೆ ಕೂತಿದ್ದ. ಅದು ನರಳಿದಾಗ ಮಾತ್ರ ಕೂರಲಾಗದೆ ಅತ್ತಿಗೆಯ ಮನೆಗೆ ಓಡಿದ.

"ಅತ್ತಿಗೆ, ಹೋರಿ ಏಳ್ತಿಲ್ಲ."

"ಏನ್ ತಿನ್ಸಿದೆ?"

"ಜೋಳ."

ಮಲ್ಸುನ್ ಅವನ ಕೈ ನೋಡಿದಳು. ಹಸಿ ಸಿಪ್ಪೆಯ ಒಗರು ಹತ್ತಿ ಉಗುರೆಲ್ಲ ಕಪ್ಪು.

"ಜೋಳಕ್ಕೆ ಯಾವಾಗಿಂದ ಈ ಕರೆ ಬಂತು, ಮೈದುನಪ್ಪ?"

ಅವಳೇ ಡಾಕ್ಟರಿಗೆ ಹೇಳಿಕಳಿಸಿದಳು. ಅವನು ಬಂದು ಬೆಚ್ಚನೆ ನೀರು, ಎಣ್ಣೆ ಕುಡಿಸಿದ. ಹೊರಡುವಾಗ ಮಲ್ಸುನ್ ದುಚಿಲ್‌ಗೆ ಹೇಳಿದಳು: "ನಾಳೆ ಅಂಗಳದಲ್ಲಿ ಚಾಪೆ ಹಾಸಿ ಸಿಪ್ಪೆ ಒಣಗ್ಸು. ರಸ್ತೆ ಕಡೇನೇ ಹಾಸ್ಬೇಕು."

ಬೆಳಗಿನ ಜಾವ ಹೋರಿ ಹಗುರಾಯಿತು. ಆ ರಭಸಕ್ಕೆ ಕೆಳಗಿನ ಹೊಳೆ ದಿಕ್ಕು ಬದಲಿಸಿತೆನ್ನುತ್ತಾರೆ. ಜೀವ ಉಳಿಯಿತು, ಸ್ಪರ್ಧೆ ತಪ್ಪಿತು. ಸ್ಪರ್ಧೆ ನೋಡಲು ಹೊರಟ ಊರಿಗೆ ಊರೇ ಅವನ ಅಂಗಳದ ಮುಂದೆ ನಿಂತಿತು.

"ಏನೋ ದುಚಿಲ್, ಕಸ ಒಣಗ್ತಾ?"

"ಗುಬ್ಬಿಗಳಿಗೆ ಕಣಯ್ಯ," ಎಂದ, ಮೂಗೆತ್ತಿಕೊಂಡೇ. ಮೂಗು ಮೇಲಿದ್ದುದರಿಂದ, ಹೋರಿ ಬೇಲಿಯಾಚೆಯಿಂದ ಕತ್ತು ಚಾಚಿ ಚಾಪೆಗೆ ಬಾಯಿ ಹಾಕಿದ್ದು ಅವನೊಬ್ಬನಿಗೆ ಕಾಣಲಿಲ್ಲ.