ಕೊನೆಯ ಪುಟದಿಂದ ಓದುತ್ತಿದ್ದ ಮಂಗಳಮ್ಮ

ಮಂಗಳಮ್ಮನವರು ಯಾವುದನ್ನೂ ಮೊದಲ ಪುಟದಿಂದ ಓದಿದವರಲ್ಲ. ದಿನಪತ್ರಿಕೆ ಕೈಗೆ ಬಂದರೆ ತಿರುವಿ ಹಾಕಿ ಕೊನೆಯ ಪುಟದಿಂದ ಶುರು ಮಾಡುತ್ತಿದ್ದರು. ಲಗ್ನಪತ್ರಿಕೆ ಬಂದರೆ ಗಂಡು ಯಾರು ಹೆಣ್ಣು ಯಾರು ಎಂದು ನೋಡುವ ಮೊದಲೇ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಬಂಧುಬಳಗದ ಹೆಸರುಗಳ ಮೇಲೆ ಕಣ್ಣಾಡಿಸಿ, "ನೋಡೇ, ದೊಡ್ಡ ಸೊಸೆ ಹೆಸ್ರೇ ಬಿಟ್ಟಿದಾರೆ. ಆ ಮನೇಲಿ ಏನೋ ನಡ್ದಿದೆ" ಎನ್ನುತ್ತಿದ್ದರು. ಏನೋ ನಡೆದೂ ಇರುತ್ತಿತ್ತು. ಅದೇ ನಮಗೆ ಹೊಟ್ಟೆಯುರಿ.

ಈ ಚಾಳಿ ಅವರಿಗೆ ಅಂಟಿದ್ದು ಕೆಲಸದಿಂದ. ಎಂಬತ್ತರ ದಶಕದ ಆರಂಭದಲ್ಲಿ ತರೀಕೆರೆಯಲ್ಲಿ ದಾನಿಗಳು ನಡೆಸುತ್ತಿದ್ದ ಮೂವತ್ತು ಹಾಸಿಗೆಯ ಒಂದು ಆಸ್ಪತ್ರೆಯಿತ್ತು. ಈಗ ಅದಿಲ್ಲ. ಅದರ ರೆಕಾರ್ಡ್ ರೂಮಿಗೆ ಅವರು ಯಜಮಾನಿ, ನಾನು ಆರು ತಿಂಗಳ ಹಂಗಾಮಿ ಗುಮಾಸ್ತೆ. ಒಳರೋಗಿ ಮನೆಗೆ ಹೋದ ಮೇಲೆ ಅವರ ಕೇಸ್ ಶೀಟು ನಮ್ಮ ಮೇಜಿಗೆ ಬರುತ್ತಿತ್ತು. ಅದನ್ನು ಪೂರ್ತಿ ಓದಿ, ಆ ಕಾಯಿಲೆಗೆ ಯಾವ ನಂಬರು ಎಂದು ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿ ಬರೆಯಬೇಕು. ಪ್ರಪಂಚದ ಯಾವ ಮೂಲೆಗೆ ಹೋದರೂ ಆ ಕಾಯಿಲೆಗೆ ಅದೇ ಮೂರಂಕಿಯ ನಂಬರಂತೆ. ತಿಂಗಳ ಕೊನೆಗೆ ಎಲ್ಲವನ್ನೂ ಪಟ್ಟಿ ಮಾಡಿ ಚಿಕ್ಕಮಗಳೂರಿನ ಆರೋಗ್ಯ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ಕಡೂರಿನಲ್ಲಿ ನಮ್ಮಮ್ಮ ಅಕ್ಕಪಕ್ಕದವರಿಗೆ, "ನಮ್ಮ ಲಲಿತ ಕಾಯ್ಲೆಗೆ ನಂಬರ್ ಹಾಕ್ತಾಳೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಕೇಳಿದವರು ಅದೇನು ಕೆಲಸವೋ ಎಂದು ಸುಮ್ಮನಾಗುತ್ತಿದ್ದರು.

ಮಂಗಳಮ್ಮ ಅಜ್ಜಂಪುರದವರು. ಪೂರ್ತಿ ಹೆಸರು ಸರ್ವಮಂಗಳಮ್ಮ. ಅಷ್ಟುದ್ದ ಕರೆಯಲು ಆಸ್ಪತ್ರೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಮೊದಲು ವಾರ್ಡಿನಲ್ಲಿ ನರ್ಸಾಗಿದ್ದರು. ಮೆಟ್ಟಿಲಿನಿಂದ ಜಾರಿ ಬಿದ್ದು ಒಂದು ಕಾಲು ಗಿಡ್ಡವಾದ ಮೇಲೆ ರೆಕಾರ್ಡ್ ರೂಮಿಗೆ ಬಂದರು. ಹಣೆಗೆ ವಿಭೂತಿ, ತುರುಬಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್, ಮೂಗಿನ ತುದಿಗೆ ಜಾರಿದ ಕನ್ನಡಕ. ಕೇಸ್ ಶೀಟನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ನರ್ಸುಗಳು ಬರೆದದ್ದನ್ನು ಮೊದಲು ಓದುತ್ತಿದ್ದರು. ಎಷ್ಟು ಹೊತ್ತಿಗೆ ಗಂಜಿ ಕುಡಿದರು, ಯಾವಾಗ ಚಳಿ ಬಂತು, ಯಾವ ಮಗ್ಗುಲಿಗೆ ನೋವು, ಎಲ್ಲ ಮುಗಿದ ಮೇಲೆ ಮುಖಪುಟದಲ್ಲಿ ಡಾಕ್ಟರು ಬರೆದ ಕಾಯಿಲೆಯ ಹೆಸರಿಗೆ ಬರುತ್ತಿದ್ದರು. "ಡಾಕ್ಟ್ರು ಬರ್ದಿರೋದು ಅವ್ರಿಗೆ ಅನ್ಸಿದ್ದು ಕಣೇ. ನರ್ಸು ಬರ್ದಿರೋದು ಕಣ್ಣಾರೆ ಕಂಡಿದ್ದು" ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ.

ಎರಡೂ ತಾಳೆಯಾಗದಿದ್ದರೆ ಮುಗಿಯಿತು. ಶೀಟು ಕಂಕುಳಲ್ಲಿ ಇಟ್ಟುಕೊಂಡು, ಕುಂಟುತ್ತ ಹೋಗಿ ಡಾಕ್ಟರ ಮೇಜಿನ ಮುಂದೆ ನಿಂತುಬಿಡುತ್ತಿದ್ದರು. ನಮ್ಮ ಡಾಕ್ಟರು ಒಳ್ಳೆಯ ಕೈಗುಣದವರು, ಬರೆಯುವುದಕ್ಕೆ ಮಾತ್ರ ಸೋಮಾರಿ. ಒಂದು ದಿನ, "ಜ್ವರ ಅಂತ ಬರ್ದಿದೀನಲ್ರೀ ಮಂಗಳಮ್ಮ, ಇನ್ನೇನು?" ಎಂದು ರೇಗಿದರು.

"ಬರ್ದಿದೀರಿ ಸಾರ್. ಯಾವ ಜ್ವರ ಅಂತ ಜ್ವರಾನೇ ಕೇಳ್ಕೊಂಡ್ ಬರ್ಲಾ?"

ಡಾಕ್ಟರು ಶೀಟು ಕಿತ್ತುಕೊಂಡು ಬರೆದರು. ವಾಪಸು ಬರುತ್ತ ಮಂಗಳಮ್ಮ, "ಕಾಯ್ಲೆ ಏನು ಅಂತ ಹೇಳೋದು ಅವ್ರ ಕೆಲ್ಸ. ಅದನ್ನ ಪೂರ್ತಿ ಹೇಳ್ಸೋದು ನಮ್ಮ ಕೆಲ್ಸ" ಎಂದರು. ನನಗೆ ಆಗ ಇಪ್ಪತ್ತನಾಲ್ಕು ವಯಸ್ಸು. ಡಾಕ್ಟರಿಗೆ ಹಾಗೆ ಎದುರು ನಿಲ್ಲುವ ಹೆಂಗಸನ್ನು ಅದೇ ಮೊದಲು ನೋಡಿದ್ದು, ಒಳಗೊಳಗೇ ಬಹಳ ಖುಷಿಯಾಗಿತ್ತು.

ಬಾಯಿ ಮಾತ್ರ ಭದ್ರ. ಸಂತೆಯಲ್ಲಿ ಹಳೆಯ ರೋಗಿ ಯಾರಾದರೂ ಎದುರಾದರೆ ಬದನೆಕಾಯಿಯ ಬೆಲೆ ಮಾತಾಡುತ್ತಿದ್ದರೇ ಹೊರತು, ಹೇಗಿದ್ದೀರಿ ಎಂದು ಅಪ್ಪಿತಪ್ಪಿಯೂ ಕೇಳುತ್ತಿರಲಿಲ್ಲ. ಒಮ್ಮೆ ದೇವನೂರಿನ ಕಡೆಯ ಯಜಮಾನರೊಬ್ಬರು ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು ರೆಕಾರ್ಡ್ ರೂಮಿಗೇ ಬಂದರು. ಮಗನಿಗೆ ಒಂದು ಹೆಣ್ಣು ನೋಡಿದ್ದರಂತೆ. ಆ ಹುಡುಗಿ ಹೋದ ವರ್ಷ ನಮ್ಮಲ್ಲಿ ಐದು ದಿನ ಮಲಗಿದ್ದಳಂತೆ. "ಏನ್ ಕಾಯ್ಲೆ ಅಂತ ಒಂದ್ ಮಾತ್ ಹೇಳ್ಬಿಡಿ ತಾಯಿ, ಯಾರ್ಗೂ ಹೇಳಲ್ಲ" ಎಂದರು.

ಮಂಗಳಮ್ಮ ಎದ್ದು ಬೀರುವಿಗೆ ಕೈ ಹಾಕಿದರು. "ಅದಕ್ಕೇನಂತೆ ಬನ್ನಿ. ನಿಮ್ದೂ ಒಂದು ಇಲ್ಲೇ ಇದೆ. ಎರಡೂ ಒಟ್ಟಿಗೇ ಓದ್ಬಿಡ್ತೀನಿ, ಬೀಗ್ರು ಬೀಗ್ರಿಗೆ ಸರಿಹೋಗುತ್ತೆ."

ಯಜಮಾನರು ಬಾಳೆಹಣ್ಣನ್ನೂ ಮರೆತು ಹೊರಟರು. ಅವರ ಕೇಸ್ ಶೀಟು ನಿಜವಾಗಿ ಇತ್ತೇ ಎಂದು ನಾನು ಕೇಳಿದೆ. "ಯಾರಿಗ್ ಗೊತ್ತು? ಆ ವಯಸ್ನೋರ್ದು ಎಲ್ಲಾದ್ರೂ ಒಂದ್ ಕಡೆ ಇದ್ದೇ ಇರುತ್ತೆ" ಎಂದು ಗೊನೆಯನ್ನು ವಾರ್ಡಿಗೆ ಕಳಿಸಿದರು. ಮದುವೆ ನಡೆಯಿತು ಎಂದು ಆಮೇಲೆ ಕೇಳಿದೆ.

ಇಂಥವರ ಕೈಕೆಳಗೆ ಪಳಗುತ್ತಿದ್ದ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಕಣ್ಣಿನ ಆಪರೇಷನ್ನಿಗೆಂದು ಮಂಗಳಮ್ಮ ಎರಡು ವಾರ ರಜೆ ಹಾಕಿದ್ದರು. ಅದೇ ಹೊತ್ತಿಗೆ ತಿಂಗಳ ಪಟ್ಟಿಗೆ ಹೊಸ ಫಾರಂ ಬಂತು. ಹಳೆಯದರಲ್ಲಿ ಮೊದಲ ಮನೆ ಕ್ರಮಸಂಖ್ಯೆಗೆ, ಕೊನೆಯ ಮನೆ ಕಾಯಿಲೆಯ ನಂಬರಿಗೆ. ಹೊಸದರಲ್ಲಿ ಕಾಯಿಲೆಯ ನಂಬರು ಮೊದಲ ಮನೆಗೆ ಬಂದು, ಕೊನೆಯ ಮನೆ ಷರಾ ಬರೆಯಲು ಹೋಗಿತ್ತು. ನಾನು ತಲೆಬರಹವನ್ನು ಓದಲೇ ಇಲ್ಲ. ಅಭ್ಯಾಸಬಲದಿಂದ ಮೊದಲ ಮನೆಯಲ್ಲಿ ಒಂದರಿಂದ ಐವತ್ತೊಂದರವರೆಗೆ ದುಂಡಗೆ ಬರೆದೆ. ಮೂರು ಅಂಕಿಗೆ ಜಾಗ ಬಿಟ್ಟಿದ್ದರಲ್ಲ, ಚೆಂದಕ್ಕೆ ಎಡಗಡೆ ಸೊನ್ನೆಗಳನ್ನೂ ಸೇರಿಸಿ, ಸಹಿ ಹಾಕಿ, ಅಂಚೆಗೆ ಹಾಕಿದೆ.

ರಜೆ ಮುಗಿಸಿ ಬಂದ ಮಂಗಳಮ್ಮ ನಕಲು ಪ್ರತಿಯನ್ನು ಕೈಗೆತ್ತಿಕೊಂಡು, ತಮ್ಮ ಪದ್ಧತಿಯಂತೆ ಕೊನೆಯ ಸಾಲಿನಿಂದ ಓದತೊಡಗಿದರು. ಕೊನೆಯವನು ಅಪೆಂಡಿಕ್ಸ್ ಆಪರೇಷನ್ ಆದ ಲಾರಿ ಡ್ರೈವರು. ಅವನ ಹೆಸರಿನ ಮುಂದೆ ಐವತ್ತೊಂದು. ನಮ್ಮ ಪುಸ್ತಕದಲ್ಲಿ ಅದು ಹಸುವಿನ ಕೆಚ್ಚಲಿಗೆ ಬರುವ ಸಿಡುಬಿನ ನಂಬರು. ಮಂಗಳಮ್ಮ ಹುಬ್ಬೇರಿಸಿದರು. ಅದರ ಮೇಲಿನ ಸಾಲು ಅಜ್ಜಂಪುರದ ಬಾಣಂತಿ, ಹೆಸರು ಶಾಂತ. ಅವಳಿಗೆ ಐವತ್ತು. ಮಂಗಳಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಲೇ ಲಲಿತಾ, ಐವತ್ತು ಅಂದ್ರೆ ಸಿಡುಬು ಕಣೇ. ಪ್ರಪಂಚದಲ್ಲೇ ಇಲ್ದಿರೋ ಕಾಯ್ಲೆನ ಅಜ್ಜಂಪುರಕ್ಕೆ ತಂದಿದೀಯಲ್ಲೇ!"

ಸಿಡುಬು ಭೂಮಿಯ ಮೇಲಿಂದಲೇ ಹೋಯಿತು ಎಂದು ಸಾರಿ ಆಗ ಬಹಳ ಕಾಲವಾಗಿರಲಿಲ್ಲ. ಸಿಡುಬು ತೋರಿಸಿದವರಿಗೆ ಬಹುಮಾನ ಎಂದು ಗೋಡೆಗಳ ಮೇಲೆ ಬರೆದದ್ದು ಇನ್ನೂ ಅಳಿಸಿರಲಿಲ್ಲ. ಡಾಕ್ಟರು ಚಿಕ್ಕಮಗಳೂರಿಗೆ ಫೋನ್ ಮಾಡಿದರು. ಲೈನು ಸಿಗುವ ಹೊತ್ತಿಗೆ ಗಂಟೆ ಹತ್ತೂವರೆ. ಜೀಪು ಬೆಳಿಗ್ಗೆಯೇ ಅಜ್ಜಂಪುರಕ್ಕೆ ಹೊರಟಿದೆ ಎಂದು ಆ ಕಡೆಯಿಂದ ಹೇಳಿದರು. ಡಾಕ್ಟರು ನನ್ನ ಮುಖ ನೋಡಿ, "ನಿಮ್ಮ ಕೆಲ್ಸದ ವಿಚಾರ ಸಾಯಂಕಾಲ ಮಾತಾಡೋಣ" ಎಂದರು.

ಮಂಗಳಮ್ಮ ಶಾಂತಳ ಕೇಸ್ ಶೀಟನ್ನು ಬೀರುವಿನಿಂದ ತೆಗೆದು, ಸೆರಗಿನಲ್ಲಿ ಸುತ್ತಿಕೊಂಡು, "ನಡಿ" ಎಂದರು. ಆಗಲೇ ಹೊರಡುತ್ತಿದ್ದ ಬಸ್ಸನ್ನು ಕೈಯಡ್ಡ ಹಿಡಿದು ಹತ್ತಿದೆವು. ನಾನು ಅಳುತ್ತ ಕೆಲಸ ಹೋಯಿತು ಎಂದು ಒಂದೇ ಸಮನೆ ಹೇಳುತ್ತಿದ್ದೆ.

"ನಿನ್ ಕೆಲ್ಸ ಹಾಳಾಗ್ಲಿ" ಎಂದರು ಅವರು. "ಆಗ ನಂಗೆ ಏಳು ವರ್ಷ. ನನ್ನ ತಂಗೀಗೆ ಸಿಡುಬು ಬಂತು. ಒಂಬತ್ತು ದಿನ ನಮ್ಮನೆ ಬಾಗ್ಲಿಗೆ ಒಂದ್ ನರಪಿಳ್ಳೆ ಬರ್ಲಿಲ್ಲ. ಹತ್ತನೇ ದಿನ ನಮ್ಮಪ್ಪ ಒಬ್ನೇ ಅವಳ್ನ ಎತ್ಕೊಂಡ್ ಹೋಗಿ ಮಣ್ಣು ಮಾಡ್ಬಂದ. ಆ ಹೆಸ್ರು ಒಂದ್ಸಲ ಮನೆಗೆ ಅಂಟ್ಕೊಂಡ್ರೆ ಹೋಗಲ್ಲ ಕಣೇ. ಆ ಶಾಂತಾಗೆ ನಾವು ಅಂಟ್ಸಿದೀವಿ."

ನಾನು ಅಳು ನಿಲ್ಲಿಸಿದೆ. ಅವರು ಕಿಟಕಿಯ ಕಡೆ ತಿರುಗಿ ಶೀಟು ಬಿಡಿಸಿ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಮಡಚಿ ಮತ್ತೆ ಸೆರಗಿಗೆ ಸುತ್ತಿಕೊಂಡರು. ಆಮೇಲೆ ಅಜ್ಜಂಪುರ ಬರುವವರೆಗೂ ತುಟಿ ಬಿಚ್ಚಲಿಲ್ಲ. ನನ್ನ ಮೇಲಿನ ಕೋಪ ಎಂದುಕೊಂಡೆ.

ಶಾಂತಳ ಮನೆಯ ಮುಂದೆ ಜೀಪು ಆಗಲೇ ನಿಂತಿತ್ತು. ಎದುರು ಸಾಲಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಬೀದಿಯ ತುದಿಯಲ್ಲಿ ಇಪ್ಪತ್ತು ಮೂವತ್ತು ಜನ ಗುಂಪುಕಟ್ಟಿ ನಿಂತಿದ್ದರು. ಶಾಂತಳ ಗಂಡನನ್ನು ಕೊಳಾಯಿಯ ಹತ್ತಿರ ಸೇರಿಸದೆ ವಾಪಸು ಕಳಿಸಿದ್ದರು. ಖಾಲಿ ಕೊಡ ಜಗಲಿಯ ಮೇಲಿತ್ತು. ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನಮ್ಮನೇಲಿ ಏನೂ ಇಲ್ಲ ಕಣ್ರಪ್ಪಾ, ತಾಯಿ ಮಗು ಚೆನ್ನಾಗವ್ರೆ" ಎಂದು ಗೋಗರೆಯುತ್ತಿದ್ದಳು. ಬಂದಿದ್ದ ಹೆಲ್ತ್ ಇನ್ಸ್‌ಪೆಕ್ಟರು ನಮ್ಮ ಪಟ್ಟಿಯನ್ನು ಹಿಡಿದು, ಒಳಗೆ ಹೋಗಲೋ ಬೇಡವೋ ಎಂಬಂತೆ ಹೊಸ್ತಿಲ ಆಚೆ ನಿಂತಿದ್ದರು.

ಮಂಗಳಮ್ಮ ಕೇಸ್ ಶೀಟನ್ನು ಅವರ ಕೈಗಿಟ್ಟರು. "ಇದು ಬರೀ ಹೆರಿಗೆ ಕೇಸು ಸಾರ್. ಕಾಯ್ಲೆ ನಂಬರ್ ಇರ್ಬೇಕಾದ ಕಡೆ ಕ್ರಮಸಂಖ್ಯೆ ಬರ್ದಿದೀವಿ. ತಪ್ಪು ನಮ್ದು."

ಇನ್ಸ್‌ಪೆಕ್ಟರು ಓದುತ್ತಿರುವಾಗಲೇ ಗುಂಪಿನಲ್ಲಿದ್ದ ಒಬ್ಬ ಕೂಗಿದ. "ಕಾಗ್ದ ಏನ್ ಬೇಕಾದ್ರೂ ಹೇಳ್ತೈತೆ ಕಣಮ್ಮೋ! ಮೊನ್ನೆ ಹಂಗ್ ಬರುದ್ರಿ, ಇವತ್ತು ಹಿಂಗ್ ಬರೀತೀರಿ. ನಂಬೋದ್ ಹೆಂಗೆ?"

ಮಂಗಳಮ್ಮ ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಅತ್ತೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಹೊರಗೆ ಬಂದಾಗ ಮಗು ಅವರ ತೋಳಿನಲ್ಲಿತ್ತು. ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಕಾಲು ಚಾಚಿ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಅತ್ತೆಮ್ಮಾ, ಒಳ್ಳೆ ಕಾಫಿ ಮಾಡಿ. ನಂಗೊಂದು, ಸಾಹೇಬ್ರಿಗೊಂದು, ಈ ಹುಡ್ಗೀಗೊಂದು" ಎಂದರು.

ಮನೆಯಲ್ಲಿ ಉಳಿದಿದ್ದ ನೀರಿನಲ್ಲೇ ಕಾಫಿಯಾಯಿತು. ಮಂಗಳಮ್ಮ ಸಾವಕಾಶವಾಗಿ ಕುಡಿದರು. ನಾನೂ ಕುಡಿದೆ. ಇನ್ಸ್‌ಪೆಕ್ಟರು ಲೋಟವನ್ನು ಎರಡು ಸಲ ತಿರುಗಿಸಿ ನೋಡಿ, ಕೊನೆಗೆ ಧೈರ್ಯ ಮಾಡಿದರು. ಆಗ ಎದುರುಮನೆಯ ಬಾಗಿಲು ತೆರೆಯಿತು. ಒಬ್ಬ ಮುದುಕಿ ಬಂದು ಬಗ್ಗಿ ಮಗುವಿನ ಮುಖ ನೋಡಿ, "ಅಪ್ಪನ್ ಮೂಗೇ ಕಣ್ರೀ!" ಎಂದಳು. ಅಷ್ಟೇ ಸಾಕಾಯಿತು. ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು. ಯಾರೋ ಆ ಖಾಲಿ ಕೊಡವನ್ನು ಎತ್ತಿಕೊಂಡು ಕೊಳಾಯಿಗೆ ಹೋದರು.

ಇನ್ಸ್‌ಪೆಕ್ಟರು ಒಳಗೆ ಹೋಗಿ ಶಾಂತಳನ್ನೂ ನೋಡಿ ಬಂದು, ಪಟ್ಟಿ ಬರೆದವರು ಯಾರು ಎಂದು ಕೇಳಿದರು. "ನಾನೇ ಸಾರ್" ಎಂದೆ. "ಹಳೇ ಫಾರಂ ಅಭ್ಯಾಸ ಮಾಡ್ಸಿದ್ದು ನಾನು. ನಂಗೂ ಅರ್ಧ ಬೈಯಿರಿ" ಎಂದರು ಮಂಗಳಮ್ಮ. ಆ ಪುಣ್ಯಾತ್ಮ ಬೈಯಲಿಲ್ಲ. "ನೀವು ಬಂದಿದ್ದು ಒಳ್ಳೇದಾಯ್ತು. ಇಪ್ಪತ್ತನೇ ನಂಬರಿಗೆ ಪ್ಲೇಗು ಅಂತಿದೆ. ನಾಳೆ ಕಡೂರಿಗೆ ಹೋಗೋದಿತ್ತು" ಎಂದು ನಗತೊಡಗಿದರು. ಇಪ್ಪತ್ತನೆಯವನು ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡ ನಮ್ಮ ಬೀದಿಯವನೇ. ಪ್ಲೇಗಿನ ಜೀಪು ಅವನ ಮನೆಗೆ ಬಂದಿದ್ದರೆ ನಮ್ಮಮ್ಮನ ಹೆಮ್ಮೆ ಏನಾಗುತ್ತಿತ್ತೋ! ಇನ್ಸ್‌ಪೆಕ್ಟರು ಬರೆಯುವಾಗ ಆದ ಕೈತಪ್ಪು ಎಂದು ವರದಿ ಬರೆದರು. ಡಾಕ್ಟರು ಸಾಯಂಕಾಲ ಅರ್ಧ ಗಂಟೆ ಕೂಗಾಡಿ ಸುಮ್ಮನಾದರು. ಆರು ತಿಂಗಳು ಮುಗಿದ ಮೇಲೆ ನನ್ನ ಕೆಲಸ ಕಾಯಂ ಆಯಿತು.

ಈ ಕಥೆಯನ್ನು ಮದುವೆಮನೆಗಳಲ್ಲಿ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಮಂಗಳಮ್ಮನವರನ್ನು ಕೊನೆಯ ಸಲ ನೋಡಿದ್ದು ಅದಾಗಿ ನಾಲ್ಕೈದು ವರ್ಷಕ್ಕೆ, ಬೀರೂರು ಸ್ಟೇಷನ್ನಿನಲ್ಲಿ. ನಿವೃತ್ತರಾಗಿ, ಹುಬ್ಬಳ್ಳಿಯಲ್ಲಿದ್ದ ಅಣ್ಣನ ಮಗಳ ಮನೆಗೆ ಹೊರಟಿದ್ದರು. ಮರುವರ್ಷ ಅಲ್ಲೇ ತೀರಿಕೊಂಡರೆಂದು ಕಾಗದ ಬಂತು. ಅವತ್ತು ರೈಲಿನ ಕಿಟಕಿಯ ಹತ್ತಿರ ನಿಂತು, ಮಾತಿಗೆ ಮಾತು ಬಂದು, "ನೀವು ಅಷ್ಟು ಧೈರ್ಯವಾಗಿ ಮಗೂನ ಎತ್ಕೊಂಡು ಕೂತಿದ್ದಕ್ಕೆ ನನ್ನ ಕೆಲ್ಸ ಉಳೀತು" ಎಂದೆ.

"ಎಲ್ಲಿಯ ಧೈರ್ಯ ಕಣೇ" ಎಂದರು. "ಬಸ್ಸಲ್ಲಿ ಶೀಟು ಓದ್ದೆನಲ್ಲ. ಮನೆಗೆ ಕಳ್ಸೋ ಹಿಂದಿನ ದಿನ ನರ್ಸು ಬರ್ದಿದ್ಲು, ಮಗೂಗೆ ಕತ್ತಲ್ಲಿ, ತೋಳಲ್ಲಿ ಸಣ್ಣ ಗುಳ್ಳೆ ಎದ್ದಿದೆ ಅಂತ. ನಂಗೆ ಎದೆ ಧಸಕ್ ಅಂತು. ನೀನು ತಪ್ಪಿ ಬರ್ದಿದ್ದೇ ನಿಜ ಆಗ್ಬಿಟ್ಟಿದ್ರೆ?"

"ಮತ್ತೆ ಯಾಕೆ ಎತ್ಕೊಂಡ್ರಿ?" ಎಂದು ನಾನು ಕೇಳಿದ್ದು ರೈಲು ಸೀಟಿ ಹಾಕಿದ ಮೇಲೆ.

"ಇನ್ನೇನ್ ಮಾಡ್ಲಿ? ಒಳಗೆ ಹೋದ್ರೆ ಆ ಶಾಂತ ನನ್ ಮುಖಾನೇ ನೋಡ್ತಾಳೆ. ನಮ್ಮವ್ವ ಆ ಒಂಬತ್ತು ದಿನ ಹಂಗೇ ಬಾಗ್ಲ ಕಡೆ ನೋಡ್ತಾ ಕೂತಿರೋಳು. ಎತ್ಕೊಂಡೇಬಿಟ್ಟೆ. ಎತ್ಕೊಂಡ ಮೇಲೆ ಅಂಗೈ ಬಿಡ್ಸಿ ನೋಡ್ದೆ. ಸಿಡುಬಾದ್ರೆ ಅಂಗೈಲೂ ಏಳುತ್ತೆ ಕಣೇ, ನಮ್ ತಂಗೀಗೆ ಎದ್ದಿತ್ತು."

ರೈಲು ಕದಲಿತು. ನಾನು ಪಕ್ಕದಲ್ಲೇ ನಡೆಯುತ್ತ, "ಇರ್ಲಿಲ್ಲ ತಾನೇ?" ಎಂದೆ, ಆ ಮಗು ಆಗಲೇ ಶಾಲೆಗೆ ಹೋಗುತ್ತಿದೆ ಎಂಬುದು ಗೊತ್ತಿದ್ದೂ.

"ಇಲ್ಲ ಕಣೇ, ಬರೀ ಬೆವರುಗುಳ್ಳೆ" ಎಂದು ಮಂಗಳಮ್ಮ ನಕ್ಕರು. ಕಿಟಕಿಯ ಸರಳುಗಳ ನಡುವೆ ತಮ್ಮ ಎರಡೂ ಕೈಗಳನ್ನು ಹೊರಗೆ ಚಾಚಿ, ಅಂಗೈ ಅಗಲಿಸಿ ನನಗೆ ತೋರಿಸಿದರು. "ಹಿಂಗೇ, ಚೊಕ್ಕವಾಗಿತ್ತು!"